ಹೂವು ಕತ್ತರಿಸುವ ಒಪ್ಪಂದ

ಕೆಳಗಿನ ಮನೆಯ ಹಿರಿಯ ಹುಡುಗಿಗೆ ಏಳು ತುಂಬುವುದರೊಳಗೆ ಕತ್ತರಿಸಬೇಕು ಎಂದು ಅವಳ ಅಜ್ಜಿ ಹಟ ಹಿಡಿದಿದ್ದಳು. ಕೂಡದು ಎಂದು ಅವಳ ತಾಯಿ. ಹುಡುಗಿಯ ಅಪ್ಪ, ಇದು ಹೆಂಗಸರ ವಿಷಯ ಎಂದು ಹೇಳಿ, ತಿಂಡಿ ತಿಂದವನೇ ಮಾರ್ಕೆಟ್ಟಿನ ತನ್ನ ಹಾರ್ಡ್‌ವೇರ್ ಅಂಗಡಿಗೆ ಹೊರಟುಬಿಡುತ್ತಿದ್ದ. ಅಂಗಡಿಯ ಮೊಳೆಗಳ ಮೇಲೆ ಇದ್ದಷ್ಟು ಗಮನ ಮಗಳ ಮೇಲೆ ಇದ್ದಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ಏನನ್ನು ಕತ್ತರಿಸುವುದು ಎಂದು ಕೇಳುವವರಿಗೆ ಒಂದೇ ಸಲ ಹೇಳುತ್ತೇನೆ. ಹೆಣ್ಣುಮಗುವಿನ ಕಾಲ ಸಂದಿಯಲ್ಲಿ ಹುಟ್ಟುತ್ತಲೇ ಇರುವ ಒಂದು ಚೂರು. ಅವರು ಅದಕ್ಕೆ ಖತ್ನಾ ಎನ್ನುತ್ತಾರೆ. ಪೇಪರಿನವರು ಜನನಾಂಗ ಛೇದನ ಎಂದು ಬರೆಯುತ್ತಾರೆ. ಕಾಫಿ ಕುಡಿಯುತ್ತ ಓದುವವರಿಗೆ ಕಸಿವಿಸಿ ಆಗಬಾರದಲ್ಲ, ಅದಕ್ಕೆ. ಅವರದು ವ್ಯಾಪಾರ ಮಾಡುವ ಮುಸ್ಲಿಮರಲ್ಲೇ ಒಂದು ಚಿಕ್ಕ ಪಂಗಡ. ಚಾಮರಾಜಪೇಟೆಯ ಮಿಕ್ಕ ಮುಸ್ಲಿಮರಲ್ಲಿ ನನಗೆ ಗೊತ್ತಿರುವ ಮಟ್ಟಿಗೆ ಈ ಪದ್ಧತಿಯೇ ಇಲ್ಲ. ನಮ್ಮ ಬೀದಿಯ ಕೊನೆಯಲ್ಲಿರುವ ಟೈಲರಿನ ಹೆಂಡತಿಗೆ ಹೇಳಿದರೆ, "ಹೆಣ್ಮಕ್ಳಿಗಾ? ಥೂ, ಯಾರಮ್ಮ ನಿಮ್ಗೆ ಇಂಥದ್ದೆಲ್ಲ ಹೇಳೋದು" ಎಂದು ನನ್ನನ್ನೇ ಬೈದಳು.

ನಾನು ಮನೆಯ ಓನರು. ಮೇಲೆ ನಾನು, ಲಾ ಓದುತ್ತಿರುವ ನನ್ನ ಮೊಮ್ಮಗಳು. ಕೆಳಗೆ ಅವರು. ಕೆಳಗಿನ ಮುದುಕಿ ಬಾಡಿಗೆಗೆ ಬಂದಾಗ ಮುದುಕಿಯಾಗಿರಲಿಲ್ಲ, ನಾನೂ ಆಗಿರಲಿಲ್ಲ. ನಾನು ಅವಳನ್ನು ಭಾಬಿ ಎನ್ನುತ್ತೇನೆ, ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ಟ್ಯಾಂಕರ್ ನೀರಿಗೆ ಜಗಳವಾಡಿದ್ದೇವೆ, ಒಬ್ಬರ ಗಂಡ ಸತ್ತಾಗ ಇನ್ನೊಬ್ಬರು ಅಡುಗೆ ಮಾಡಿ ಕಳಿಸಿದ್ದೇವೆ. ಅವಳ ಸೊಸೆ ಬೇರೆ ರಾಜ್ಯದವಳು. ಮದುವೆಯಾಗಿ ಬಂದಾಗ ಒಂದು ಮಾತು ಕನ್ನಡ ಬರುತ್ತಿರಲಿಲ್ಲ. ನನ್ನ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತ ಕಲಿತಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯವಳ ವಿಷಯವೇ ಇದು. ಕಿರಿಯವಳು ಆಗ ಇನ್ನೂ ಸೊಂಟದ ಮೇಲಿನ ಕೂಸು.

ಸೊಸೆ ಫೋನಿನಲ್ಲಿ ಒಂದು ಗುಂಪು ಸೇರಿದ್ದಳು. ಅವರ ಪಂಗಡದ ಹೆಂಗಸರೇ, ಇದು ನಿಲ್ಲಬೇಕು ಎನ್ನುವವರು. ನನ್ನ ಮೊಮ್ಮಗಳು ಅವರಿಗೆ ಕಾನೂನಿನ ಕಾಗದ ಓದಿ ಹೇಳುತ್ತಿದ್ದಳು. ಫೋನಿನಲ್ಲಿ ಎಷ್ಟು ದಿನ ಮಾತಾಡುವುದು, ಒಮ್ಮೆ ಎದುರುಬದುರು ಕೂರಬೇಕು ಎಂದರು. ಕೂರುವುದೆಲ್ಲಿ? ಅವರಲ್ಲಿ ಯಾರ ಮನೆಯಲ್ಲಿ ಸೇರಿದರೂ ಸಂಜೆಯೊಳಗೆ ಸುದ್ದಿ. ಹೋಟೆಲಿನಲ್ಲಿ ಕೂತರೆ ಗಲ್ಲಾದಲ್ಲಿರುವವನು ಯಾರದೋ ಗಂಡನಿಗೆ ಪರಿಚಯ. ಕೊನೆಗೆ ದಾರಿ ಹುಡುಕಿದ್ದು ಮೊಮ್ಮಗಳು. "ಅಜ್ಜಿ, ದಸರಾಗೆ ನಮ್ಮನೇಲಿ ಗೊಂಬೆ ಇರತ್ತಲ್ಲ."

ನಮ್ಮ ಊರ ಕಡೆ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಮದುವೆಯಾಗಿ ಈ ಬೀದಿಗೆ ಬಂದ ಮೇಲೆ ಎದುರು ಮನೆಯವರನ್ನು ನೋಡಿ ಹೊಟ್ಟೆಕಿಚ್ಚಿಗೆ ಶುರು ಮಾಡಿದ್ದು. ಗೊಂಬೆ ಕೂರಿಸಿದ ಮನೆಗೆ ಯಾವ ಹೆಂಗಸು ಯಾಕೆ ಬಂದಳು ಎಂದು ಯಾರೂ ಕೇಳುವುದಿಲ್ಲ. ಪರಿಚಯವಿಲ್ಲದ ಮಕ್ಕಳು ಕೂಡ ಗೇಟು ತಳ್ಳಿಕೊಂಡು "ರೀ, ಗೊಂಬೆ ಕೂರ್ಸಿದೀರಾ?" ಎಂದು ಬರುತ್ತವೆ. ಸರಸ್ವತಿ ಪೂಜೆಯ ಸಂಜೆ ಭಾಬಿ ನೆಂಟರ ಮನೆಗೆ ಹೋಗುವುದಿತ್ತು. ಅವತ್ತೇ ಆಗಲಿ ಎಂದರು.

ಏಳೆಂಟು ಜನ ಬಂದರು. ಪಟ್ಟದ ಗೊಂಬೆಗಳ ಮುಂದೆ ಚಾಪೆ ಹಾಸಿ ಕೂರಿಸಿ ಕಡಲೆಕಾಳು ಉಸಲಿ ಕೊಟ್ಟೆ. ಉಸಲಿ ಮುಗಿಯುವ ಮೊದಲೇ ಜಗಳ ಹತ್ತಿತು.

ಅವರಲ್ಲಿ ಒಬ್ಬಳು ಸ್ಕೂಲ್ ಟೀಚರು. ಅವಳದು ಒಂದೇ ಮಾತು. "ಕಾನೂನು ಬರ್ಲೇಬೇಕು. ಹೆಸರು ಹೇಳಿ ಇದು ಅಪರಾಧ ಅನ್ಬೇಕು. ಅಲ್ಲೀವರೆಗೂ ಒಬ್ರೂ ಹೆದರಲ್ಲ."

"ಕಾನೂನು ಬಂದ್ರೆ ಜೈಲಿಗೆ ಹೋಗೋರ್ಯಾರು?" ಎಂದಳು ಎದುರಿಗೆ ಕೂತಿದ್ದ ದಪ್ಪನೆಯ ಹೆಂಗಸು. "ನಮ್ಮಮ್ಮ, ನಮ್ಮತ್ತೆ. ನಿಮ್ಮಮ್ಮನ್ನ ನೀವು ಕಳಿಸ್ತೀರಾ? ಅದೂ ಬಿಡಿ. ಎಲೆಕ್ಷನ್ ಬರ್ಲಿ, ಇದನ್ನೇ ಮೈಕಲ್ಲಿ ಕೂಗ್ತಾರೆ. ನಮ್ಮ ಹುಡ್ಗೀರ ಮೇಲೆ ಪ್ರೀತಿಗಲ್ಲ, ನಮ್ಮ ಮೇಲಿರೋ ಸಿಟ್ಟಿಗೆ."

"ಅವರು ಕೂಗ್ತಾರೆ ಅಂತ ನಾವು ಬಾಯಿ ಮುಚ್ಕೊಂಡಿರ್ಬೇಕಾ?"

"ಮುಚ್ಕೊಂಡಿರಿ ಅನ್ಲಿಲ್ಲ. ಮನೇಲಿ ಮಾತಾಡಿ, ನಿಧಾನಕ್ಕೆ ಬಿಡ್ಸಿ ಅಂದೆ."

"ನಿಧಾನ ಅಂದ್ರೆ ಎಷ್ಟು ನಿಧಾನ? ಇವಳ ಮಗಳಿಗೆ ಎರಡು ತಿಂಗಳು ಕಳೆದ್ರೆ ಏಳು."

ನನ್ನ ಮೊಮ್ಮಗಳು ನಡುವೆ ಬಾಯಿ ಹಾಕಿದಳು. ಇದಕ್ಕೇ ಎಂದು ಬೇರೆ ಕಾನೂನು ನಮ್ಮ ದೇಶದಲ್ಲಿ ಇಲ್ಲ, ದಿಲ್ಲಿಯ ಕೋರ್ಟಿನಲ್ಲಿ ಕೇಸು ವರ್ಷಗಟ್ಟಲೆಯಿಂದ ಮುಂದಕ್ಕೆ ಹೋಗುತ್ತಲೇ ಇದೆ, ಆದರೆ ಮಕ್ಕಳನ್ನು ಕಾಪಾಡಲು ಈಗಾಗಲೇ ಇರುವ ಕಾನೂನಿನಲ್ಲೇ ಕಂಪ್ಲೇಂಟ್ ಕೊಡಬಹುದು ಎಂದಳು. ಇಬ್ಬರು ಅದನ್ನು ಫೋನಿನಲ್ಲಿ ಟೈಪ್ ಮಾಡಿಕೊಂಡರು. ಸೊಸೆ ಮಾತ್ರ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕಾನೂನು ಬರುವುದಾದರೆ ಅವಳ ಮಗಳಿಗೆ ಏಳು ತುಂಬುವುದರೊಳಗೆ ಬರಬೇಕು, ಆಮೇಲೆ ಬಂದರೆ ಅವಳಿಗೆ ತಡವಾಯಿತು. ಉಳಿದವರಿಗೆ ಅದು ಚರ್ಚೆ.

ಆಗಲೇ ಬಾಗಿಲಲ್ಲಿ ಹಿರಿಯ ಹುಡುಗಿಯ ದನಿ ಕೇಳಿಸಿತು. "ಅಜ್ಜೀ, ಗೊಂಬೆ ಕೂರ್ಸಿದೀರಾ?" ಅವಳ ಹಿಂದೆ, ಕಂಬಿ ಹಿಡಿದುಕೊಂಡು, ಭಾಬಿ. ನೆಂಟರ ಮನೆಯಿಂದ ಬೇಗ ಬಂದಿದ್ದಳು. ನಮ್ಮ ಮೆಟ್ಟಿಲು ಅವಳ ಕಿಟಕಿಯ ಮುಂದೆಯೇ ಹಾದುಹೋಗುತ್ತದೆ. ತಡವಾಗಿ ಬಂದ ಇಬ್ಬರು ಹತ್ತುವುದನ್ನು ನೋಡಿದ್ದಳು.

"ಮಂಡಿನೋವು ಅಂತಿದ್ದೆ, ಹೆಂಗೆ ಹತ್ತಿದೆ ಭಾಬಿ?" ಎಂದೆ.

"ಗೊಂಬೆ ನೋಡೋಕೆ ಮಂಡಿ ಯಾಕೆ ಅಕ್ಕ, ಕಣ್ಣಿದ್ರೆ ಸಾಕು."

ಇದ್ದ ಒಂದು ಕುರ್ಚಿಯಲ್ಲಿ ಕೂತಳು. ಗೊಂಬೆಗಳ ಕಡೆ ನೋಡಲಿಲ್ಲ. ಚಾಪೆಯ ಮೇಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಯಾರ ಸೊಸೆ, ಯಾರ ಮಗಳು, ಅತ್ತೆಯ ಸಕ್ಕರೆ ಕಾಯಿಲೆ ಹೇಗಿದೆ, ಗಂಡನ ಅಂಗಡಿ ಯಾವ ಗಲ್ಲಿಯಲ್ಲಿದೆ, ಎಲ್ಲ ವಿಚಾರಿಸಿದಳು. ದನಿ ಬೆಣ್ಣೆಯ ಹಾಗಿತ್ತು. ದಪ್ಪನೆಯ ಹೆಂಗಸನ್ನು, "ನೀನು ಗೊಂಬೆ ನೋಡೋಕೆ ಬಂದಿರೋದು ನಿಮ್ಮತ್ತೆಗೆ ಗೊತ್ತಾ ಬೇಟಿ?" ಎಂದು ಕೇಳಿದಾಗ ಆಕೆ ತಟ್ಟೆ ಕೆಳಗಿಟ್ಟು, ಬ್ಯಾಗು ತಗೊಂಡು ಇಳಿದುಹೋದಳು.

ಆಮೇಲೆ ಭಾಬಿ ಸೊಸೆಯ ಕಡೆ ತಿರುಗಿದಳು. ಹುಡುಗಿಯನ್ನು ನಾನು ಅಡುಗೆಮನೆಗೆ ಕಳಿಸಿದೆ, ಕೊಬ್ಬರಿ ಮಿಠಾಯಿ ತಗೋ ಎಂದು.

"ನಂಗೂ ಆಗಿದೆ. ನಮ್ಮಮ್ಮಂಗೂ ಆಗಿತ್ತು. ನಿನಗೂ ಆಗಿದೆ. ಯಾರು ಸತ್ರು? ಉಗುರು ಕತ್ತರಿಸಿದಂಗೆ, ಅಷ್ಟೇ."

"ಉಗುರಾದ್ರೆ ಆ ರೂಮಿನ ಬಾಗಿಲಿನ ಬಣ್ಣ ನನಗೆ ಇವತ್ತಿಗೂ ಯಾಕೆ ನೆನಪಿದೆ ಅತ್ತೆ?"

"ಮನೇಲಿ ಕೆಲಸ ಸಾಲ್ದು ನಿನಗೆ, ಅದಕ್ಕೆ."

ನನ್ನ ಮೊಮ್ಮಗಳಿಗೆ ತಡೆಯಲಾಗಲಿಲ್ಲ. "ಅಜ್ಜಿ, ಪೊಲೀಸ್ ಕಂಪ್ಲೇಂಟ್ ಆಗತ್ತೆ, ನೋಡ್ಕೊಳ್ಳಿ."

"ಕೊಡೀಮ್ಮ, ಕೊಡಿ. ಯಾರು ಕೊಡ್ತೀರಾ? ಕೈ ಎತ್ತಿ."

ಟೀಚರು ನೆಲ ನೋಡಿದಳು. ಒಂದು ಕೈಯೂ ಏಳಲಿಲ್ಲ. ಭಾಬಿ ನಕ್ಕು ನನ್ನ ಕಡೆ ತಿರುಗಿದಳು. "ನೀವು ಹೇಳಿ ಅಕ್ಕ. ನಿಮ್ಮಲ್ಲಿ ಹುಡ್ಗೀರಿಗೆ ಕಿವಿ ಚುಚ್ಚಲ್ವಾ? ಅಳಲ್ವಾ ಅವು?"

ನನಗೆ ಪಿತ್ತ ನೆತ್ತಿಗೇರಿತು. "ಕಿವಿ ಬಿಡು. ಕಿವಿ ಚುಚ್ಚೋಕೆ ಮುಂಚೆ ನಮ್ಮಲ್ಲಿ ಬೆರಳೇ ಕತ್ತರಿಸ್ತಿದ್ರು" ಎಂದೆ.

ನಮ್ಮದು ಬೆರಳು ಕೊಡುವ ಮನೆತನ. ಮಗಳ ಕಿವಿ ಚುಚ್ಚಿಸುವ ಮೊದಲು ತಾಯಿ ಬಲಗೈಯ ಕೊನೆಯ ಎರಡು ಬೆರಳಿನ ತುದಿಯನ್ನು ದೇವರಿಗೆ ಒಪ್ಪಿಸಬೇಕಾಗಿತ್ತು. ಹಲಗೆಯ ಮೇಲೆ ಕೈ ಇಡುವುದು, ಆಚಾರಿ ಉಳಿ ಇಟ್ಟು ಹೊಡೆಯುವುದು. ನನ್ನ ಅತ್ತೆಯವರು ಚಿಕ್ಕವರಿದ್ದಾಗ ತಮ್ಮ ಅಜ್ಜಿಯ ಅಂಥ ಕೈಯಿಂದ ತುತ್ತು ತಿಂದವರು. ಮುದ್ದೆ ಮುರಿಯಲು ಬರುತ್ತಿತ್ತಂತೆ, ಅನ್ನ ಮಾತ್ರ ಬೆರಳಿಲ್ಲದ ಕಡೆಯಿಂದ ಸೋರುತ್ತಿತ್ತಂತೆ. ಆ ಅಜ್ಜಿಯೂ ಉಗುರು ಕತ್ತರಿಸಿದಂತೆ ಎಂದೇ ಹೇಳುತ್ತಿದ್ದಳಂತೆ. ಆಮೇಲೆ ಸರ್ಕಾರ ಕೂಡದು ಎಂದು ಕಾನೂನು ಮಾಡಿತು. ಗುಡಿಯ ಮುಂದೆ ಪೊಲೀಸರು ನಿಂತರು. ನಮ್ಮ ಹೆಂಗಸರು ಬೆರಳಿಗೆ ಹೂವು ಸುತ್ತಿಕೊಂಡು ಹೋದರು. ಆಚಾರಿ ಹೂವನ್ನು ಕತ್ತರಿಸಿದ, ಬೆರಳು ಉಳಿಯಿತು, ಮಗಳ ಕಿವಿಯೂ ಚುಚ್ಚಿದರು.

ಇಷ್ಟನ್ನೂ ಹೇಳಿ, "ದೇವರು ಹೂವಿಗೆ ಒಪ್ಪಿಕೊಂಡ ಭಾಬಿ. ನೀನ್ಯಾಕೆ ಒಪ್ಪಲ್ಲ?" ಎಂದೆ. ಅವಳಿಗೆ ಚುಚ್ಚಲಿ ಎಂದೇ ಹೇಳಿದ್ದು.

ಚುಚ್ಚಿದ್ದು ಅವಳಿಗಲ್ಲ. ಸೊಸೆ ಮುಳುಗುವವಳಿಗೆ ಹಗ್ಗ ಸಿಕ್ಕಿದ ಹಾಗೆ ಎದ್ದು ಕೂತಳು. "ಅತ್ತೆ, ನಾವೂ ಹಂಗೇ ಮಾಡೋಣ. ಹೊಸ ಬಟ್ಟೆ ಹಾಕೋಣ, ದುವಾ ಮಾಡ್ಸೋಣ, ಮಿಠಾಯಿ ಹಂಚೋಣ. ಮಡಿಲಲ್ಲಿ ಹೂ ಇಟ್ಟು ಹೂ ಕತ್ತರಿಸ್ಲಿ. ಆಯ್ತು ಅಂತ ಎಲ್ರಿಗೂ ನೀವೇ ಹೇಳಿ. ನಾನು ಇಲ್ಲ ಅನ್ನಲ್ಲ."

ಕಾನೂನಿನ ಬಗ್ಗೆ ಆದುದಕ್ಕಿಂತ ದೊಡ್ಡ ಜಗಳ ಈಗ ಆಯಿತು. ಟೀಚರು ಅದೂ ತಪ್ಪು, ಹೆಸರು ಉಳಿದರೆ ಕತ್ತರಿಯೂ ಉಳಿಯುತ್ತದೆ ಎಂದಳು. ಇನ್ನಿಬ್ಬರು, ಇಷ್ಟಾದರೂ ಆಗಲಿ ಬಿಡಿ, ಮಗುವಾದರೂ ಉಳಿಯುತ್ತದೆ ಎಂದರು. ನನ್ನ ಮೊಮ್ಮಗಳು, "ಒಪ್ಬೇಡಿ ಅಕ್ಕ, ನನ್ ಮಾತು ಕೇಳಿ" ಎಂದು ಸೊಸೆಯ ಕೈ ಹಿಡಿದಳು. ಸೊಸೆ ಕೈ ಬಿಡಿಸಿಕೊಂಡು ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಭಾಬಿ ಬಾಯಲ್ಲಿದ್ದ ಉಸಲಿಯನ್ನು ನಿಧಾನವಾಗಿ ಅಗಿದು ನುಂಗಿದಳು. "ಸರಿ, ಹೂವು ಕತ್ತರಿಸೋಣ" ಎಂದಳು.

ಸೊಸೆ ಅತ್ತೆಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನಾನು ಹೇಳಿದ್ದರಲ್ಲಿ ಅವಳು ಹೂವನ್ನು ಮಾತ್ರ ಕೇಳಿಸಿಕೊಂಡಿದ್ದಳು, ಪೊಲೀಸರನ್ನು ಬಿಟ್ಟುಬಿಟ್ಟಿದ್ದಳು. ನಮ್ಮ ಹೆಂಗಸರು ಹೂವಿಗೆ ಬಂದಿದ್ದು ಒಳ್ಳೆಯತನದಿಂದಲ್ಲ. ಗುಡಿಯ ಮುಂದೆ ಲಾಠಿ ನಿಂತಿತ್ತು, ಅದಕ್ಕೆ. ಇಲ್ಲಿ ಯಾರು ನಿಂತಿದ್ದರು? ಉಸಲಿ ತಟ್ಟೆ ಹಿಡಿದ ಏಳು ಜನ, ಕೈ ಎತ್ತದವರು.

ದೀಪಾವಳಿ ಕಳೆದ ಮೇಲೆ ದಿನ ಗೊತ್ತಾಯಿತು. ಭಾಬಿಯೇ ಆಟೊ ಮಾಡಿಕೊಂಡು ಗಾಂಧಿ ಬಜಾರಿಗೆ ಹೋಗಿ ಕೆಂಪು ಗುಲಾಬಿ ತಂದಳು, ಬಾಳೆ ಎಲೆಯಲ್ಲಿ ಸುತ್ತಿಸಿಕೊಂಡು. ಸೊಸೆ ಅದನ್ನು ನನಗೆ ತೋರಿಸಲು ಮೇಲೆ ಬಂದಳು. "ನೋಡಿ ಅಮ್ಮ, ಅವರೇ ಹೋಗಿ ತಂದಿದಾರೆ." ಮಗಳಿಗೂ ಎಲ್ಲ ಬಿಡಿಸಿ ಹೇಳಿದ್ದಳು. ಏನೂ ನೋವಾಗಲ್ಲ, ಹೂವು ಕತ್ತರಿಸುತ್ತಾರೆ, ಆಮೇಲೆ ಮಿಠಾಯಿ. ಹುಡುಗಿ ಹಸಿರು ಜರಿಯ ಫ್ರಾಕು ತೊಟ್ಟು ನನ್ನ ಮುಂದೆ ಒಂದು ಸುತ್ತು ತಿರುಗಿ ತೋರಿಸಿ ಹೋದಳು.

ಊರಿನ ಆ ತುದಿಯಲ್ಲಿ ಅವರ ನೆಂಟರ ಮನೆ. ತಾಯಿಯನ್ನು ಹೊರಗಿನ ಕೋಣೆಯಲ್ಲಿ ಕೂರಿಸಿದರು. ಒಳಗೆ ಹಿರಿಯರು ಮಾತ್ರ, ದುವಾ ಓದುವಾಗ ಕೂಸು ಅತ್ತರೆ ಸರಿಯಲ್ಲ ಎಂದರು. ಅವಳು ಕಿರಿಯವಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಟಿವಿಯಲ್ಲಿ ಕಾರ್ಟೂನು ಜೋರಾಗಿ ಹಾಕಿದ್ದರು. ಅಷ್ಟು ಜೋರಾಗಿ ಯಾಕೆ ಎಂದು ಅವಳಿಗೆ ತೋಚಿದ್ದು ಮಗಳ ದನಿ ಟಿವಿಯನ್ನೂ ಮೀರಿ ಬಂದಾಗ. ಬಾಗಿಲು ಬಡಿದಳು. ಒಳಗಿನಿಂದ ಚಿಲಕ ಹಾಕಿತ್ತು. ತೆಗೆಯುವ ಹೊತ್ತಿಗೆ ಮುಗಿದಿತ್ತು.

ಹೂವನ್ನೂ ಕತ್ತರಿಸಿದ್ದರಂತೆ. ಮೊದಲು ಹೂವು, ಮಗು ನಗುತ್ತಿರುವಾಗಲೇ. ಆಮೇಲೆ ಅದು.

ಮನೆಗೆ ಬಂದವಳು ನೇರ ಮೇಲೆ ಬಂದು ನನ್ನ ಅಡುಗೆಮನೆಯ ನೆಲದ ಮೇಲೆ ಕೂತು ಇಷ್ಟನ್ನೂ ಹೇಳಿದಳು. ಅಳಲಿಲ್ಲ. ನಾನು ಕೆಳಗಿಳಿದು ಹೋದೆ. ಭಾಬಿ ವರಾಂಡದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಒಳಗೆ ಹುಡುಗಿ ಮಲಗಿತ್ತು.

"ಮಾತು ಕೊಟ್ಟು ತಪ್ಪಿದೆಯಲ್ಲೇ" ಎಂದೆ. ಅಷ್ಟು ವರ್ಷದಲ್ಲಿ ಅವಳನ್ನು 'ಲೇ' ಎಂದು ಕರೆದದ್ದು ಅದೇ ಮೊದಲು.

"ಏನು ತಪ್ಪಿದೆ ಅಕ್ಕ? ಹೂವು ಕತ್ತರಿಸೋಣ ಅಂದೆ, ಕತ್ತರಿಸಿದೆ. ಬೇರೆ ಏನೂ ಮಾಡಲ್ಲ ಅಂದಿದ್ನಾ?"

"ಮಗು ಮುಖ ನೋಡೋಕೆ ನಾಚಿಕೆ ಆಗಲ್ವಾ ನಿಂಗೆ?"

"ನಂಗ್ಯಾಕೆ ನಾಚಿಕೆ? ನಾಳೆ ಅವಳನ್ನ ನಮ್ಮವರು ಸೊಸೆ ಮಾಡ್ಕೊಬೇಕಲ್ಲ. ಬೇಡ ಅಂದ್ರೆ ನಿಮ್ಮ ಮೊಮ್ಮಗಳು ಬಂದು ಗಂಡು ಹುಡುಕ್ತಾಳಾ?" ಒಂದು ಕಲ್ಲು ತೆಗೆದು ಅಂಗಳಕ್ಕೆ ಎಸೆದಳು. "ಕೂತ್ಕೊಳ್ಳಿ, ಚಾ ಕುಡಿದು ಹೋಗಿ."

ಕುಡಿಯಲಿಲ್ಲ. ಅವಳ ಮುಖದಲ್ಲಿ ಕೇಡಿನ ಕಳೆ ಇರಲಿಲ್ಲ. ಹಬ್ಬದ ಅಡುಗೆ ಮುಗಿಸಿ ಕೂತವಳ ಹಾಗೆ ನಿರಾಳವಾಗಿದ್ದಳು.

ಒಂದು ವಾರ ಹುಡುಗಿ ತಾಯಿಯ ಕೈಯಲ್ಲಿ ಊಟ ಮಾಡಲಿಲ್ಲ. ಸ್ನಾನಕ್ಕೆ ಕರೆದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಿತ್ತು. ಅಜ್ಜಿ ಕರೆದರೆ ಹೋಗುತ್ತಿತ್ತು. ನನಗೆ ಇದು ಅರ್ಥವಾಗಲಿಲ್ಲ, ಕರೆದುಕೊಂಡು ಹೋದವಳೇ ಅಜ್ಜಿಯಲ್ಲವೇ ಎಂದುಕೊಂಡಿದ್ದೆ. ಒಂದು ದಿನ ನನ್ನ ಮುಂದೆಯೇ ತಾಯಿಗೆ ಹೇಳಿತು. "ನೋವಾಗಲ್ಲ ಅಂತ ನೀನು ಹೇಳ್ದೆ. ಅಜ್ಜಿ ಹೇಳ್ಲಿಲ್ಲ." ನಿಜವೇ. ಮುದುಕಿ ಮಗುವಿಗೆ ಒಂದೂ ಸುಳ್ಳು ಹೇಳಿರಲಿಲ್ಲ. ಸುಳ್ಳೆಲ್ಲ ತಾಯಿಯ ಬಾಯಿಂದಲೇ ಬಂದಿತ್ತು, ನಂಬಿ ಹೇಳಿದ ಸುಳ್ಳು.

ನನ್ನ ಮೊಮ್ಮಗಳು ಕಂಪ್ಲೇಂಟ್ ಬರೆದು ಸಿದ್ಧ ಮಾಡಿದಳು. ಗುಂಪಿನವರಿಗೂ ಸುದ್ದಿ ಹೋಯಿತು. ಟೀಚರಿನ ಫೋನು ಬಂತು. ಸ್ಪೀಕರಿನಲ್ಲಿ ಹಾಕಿದ್ದರಿಂದ ನನಗೂ ಕೇಳಿಸಿತು. "ಧೈರ್ಯ ತಗೊಳ್ಳಮ್ಮ, ನಾವೆಲ್ಲ ನಿನ್ನ ಜೊತೆ ಇದೀವಿ. ಇಂಥ ಒಂದು ಕೇಸಿಗೇ ನಾವು ಇಷ್ಟು ದಿನ ಕಾಯ್ತಾ ಇದ್ದಿದ್ದು. ತಾಯಿನೇ ಕಂಪ್ಲೇಂಟ್ ಕೊಟ್ರೆ ಕೋರ್ಟೂ ಕಣ್ಣು ಬಿಡತ್ತೆ."

"ಕಾಯ್ತಾ ಇದ್ರಾ?" ಎಂದು ಸೊಸೆ ಕೇಳಿದಳು. ಆ ಕಡೆಯಿಂದ ಉತ್ತರ ಬರುವ ಮೊದಲೇ ಫೋನು ಇಟ್ಟಳು.

ಆಮೇಲೆ ನನ್ನ ಮೊಮ್ಮಗಳನ್ನು ಕೇಳಿದಳು. "ಕಂಪ್ಲೇಂ‌ಟ್ ಕೊಟ್ರೆ ಮುಂದೇನು? ಸುಳ್ಳು ಹೇಳ್ಬೇಡ."

ಮೊಮ್ಮಗಳು ಸುಳ್ಳು ಹೇಳಲಿಲ್ಲ. ಮಗುವನ್ನು ಡಾಕ್ಟರು ನೋಡಬೇಕಾಗುತ್ತದೆ. ಏನಾಯಿತು ಎಂದು ಮಗುವೇ ಹೇಳಬೇಕಾಗುತ್ತದೆ, ಒಂದು ಸಲಕ್ಕೆ ಮುಗಿಯದಿರಬಹುದು. ಅತ್ತೆಯ ಹೆಸರು ಬರೆಯಬೇಕು, ಗೊತ್ತಿದ್ದೂ ಸುಮ್ಮನಿದ್ದ ಗಂಡನ ಹೆಸರೂ ಬರಬಹುದು. ವರ್ಷಗಳು ಹಿಡಿಯುತ್ತವೆ.

"ಮತ್ತೆ ಅವಳನ್ನ ಮಂಚದ ಮೇಲೆ ಮಲಗಿಸಿ ನೋಡ್ಬೇಕು."

"ಲೇಡಿ ಡಾಕ್ಟರೇ ನೋಡ್ತಾರೆ ಅಕ್ಕ."

"ಕತ್ತರಿಸಿದ್ದೂ ಲೇಡಿನೇ" ಎಂದಳು.

"ಹಂಗಾದ್ರೆ ಬಿಟ್ಬಿಡ್ತೀಯಾ?" ಎಂದು ನಾನು ಕೇಳಿದೆ. "ಗೊಂಬೆ ಮುಂದೆ ಕೂತು ಅಷ್ಟೊಂದು ಮಾತಾಡಿದ್ದು ಯಾತಕ್ಕೆ?" ನನಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಅವಳೂ ನನ್ನಿಂದ ಅದನ್ನು ಕೇಳುವವಳಲ್ಲ.

"ನೀವು ನನ್ನ ಜೊತೆ ಕೆಳಗೆ ಬನ್ನಿ ಅಮ್ಮ. ಏನೂ ಮಾತಾಡ್ಬೇಡಿ. ನಿಂತ್ಕೊಂಡು ಕೇಳಿಸ್ಕೊಳ್ಳಿ, ಅಷ್ಟೆ."

ಭಾನುವಾರ ಮಧ್ಯಾಹ್ನ ಅದು. ಅಂಗಡಿ ರಜ, ಗಂಡ ಮನೆಯಲ್ಲಿದ್ದ. ಅವರ ಪದ್ಧತಿಯಂತೆ ಒಂದೇ ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಊಟಕ್ಕೆ ಕೂತಿದ್ದರು. ಹಿರಿಯ ಹುಡುಗಿ ಅಜ್ಜಿಯ ಪಕ್ಕದಲ್ಲಿತ್ತು. ಸೊಸೆ ಕಿರಿಯವಳನ್ನು ಸೊಂಟದ ಮೇಲೆ ಹೊತ್ತು ನಿಂತೇ ಮಾತಾಡಿದಳು. ನನಗೂ ತಿಳಿಯಲಿ ಎಂದೋ ಏನೋ, ಕನ್ನಡದಲ್ಲೇ.

"ದೊಡ್ಡವಳ ಕಂಪ್ಲೇಂಟ್ ಬರೆದು ಮೇಲೆ ಇಟ್ಟಿದೀನಿ. ಕೊಡಲ್ಲ. ಇವಳನ್ನ ಯಾರಾದ್ರೂ ಮುಟ್ಟಿದ್ರೆ ಇಬ್ಬರದ್ದೂ ಸೇರಿಸಿ ಕೊಡ್ತೀನಿ. ಅತ್ತೆ ಹೆಸರು, ಆ ಮನೆಯವರ ಹೆಸರು, ನಿಮ್ಮ ಹೆಸರು." ಕೊನೆಯದು ಗಂಡನಿಗೆ. "ಅಮ್ಮ ಸಾಕ್ಷಿ ಹೇಳ್ತಾರೆ."

ಭಾಬಿ ನನ್ನ ಕಡೆ ನೋಡಿದಳು. "ಹೇಳ್ತೀರಾ ಅಕ್ಕ, ನನ್ನ ಮೇಲೆ?"

"ಹೇಳ್ತೀನಿ."

"ಜೈಲಲ್ಲಿ ಮಂಡಿಗೆ ಎಣ್ಣೆ ಹಚ್ಚೋರು ಇರ್ತಾರಾ?"

"ಇರಲ್ಲ. ಮಂಡಿ ಮೊದ್ಲೇ ಹೋಗಿದೆ, ಬಿಡು."

ಅವಳ ಮಗ ಅನ್ನದಲ್ಲಿ ಕೈ ಇಟ್ಟವನು ಹಾಗೆಯೇ ಇದ್ದ. ಭಾಬಿಯ ಮುಖದಲ್ಲಿ ಹೆದರಿಕೆ ನೋಡಿದ್ದು ನಾನು ಅವತ್ತೊಂದೇ ದಿನ. ಸಣ್ಣದೇ, ಆದರೆ ಇತ್ತು. ಕೊನೆಗೆ, "ಚಿಕ್ಕವಳನ್ನ ನೀನೇ ಇಟ್ಕೋ" ಎಂದಳು, ಮಿಕ್ಕ ಪಾತ್ರೆಯೊಂದನ್ನು ಪಾಲು ಹಾಕಿ ಕೊಡುವವಳ ಹಾಗೆ.

ಎಲ್ಲ ಮುಗಿಯಿತು, ಒಂದನ್ನು ಕೊಟ್ಟು ಒಂದನ್ನು ಉಳಿಸಿಕೊಂಡಳು ಎಂದು ನಾನು ಬಾಗಿಲ ಕಡೆ ತಿರುಗಿದ್ದೆ. ಆಗ ಹಿರಿಯ ಹುಡುಗಿ ತಲೆ ಎತ್ತಿತು.

"ಅವಳಿಗೆ ಯಾಕಿಲ್ಲ?"

ಅವಳ ಅಪ್ಪ ಅನ್ನದಿಂದ ಕೈ ತೆಗೆದ.

"ನಂಗೆ ಮಾಡ್ಸಿದ್ರಿ. ಅವಳಿಗೂ ಮಾಡ್ಸಿ. ಅವಳಿಗ್ಯಾಕೆ ಬೇಡ?"

ತಾಯಿಯ ಕೈ ಎದ್ದದ್ದು ನನಗೆ ಕಾಣಿಸಲಿಲ್ಲ, ಸದ್ದು ಮಾತ್ರ ಕೇಳಿಸಿತು. ಅವಳು ಮಕ್ಕಳಿಗೆ ಹೊಡೆದವಳಲ್ಲ. ಹುಡುಗಿಯ ಕೆನ್ನೆ ಕೆಂಪಾಯಿತು. ಅಳಲಿಲ್ಲ. ಸೊಂಟದ ಮೇಲಿದ್ದ ಕೂಸೇ ಹೆದರಿ ಅಳಲು ಶುರು ಮಾಡಿತು, ತಾಯಿ ಅದನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತುಕೊಂಡಳು. ಹಿರಿಯ ಹುಡುಗಿ ಕೈ ಒರೆಸಿಕೊಂಡು ಎದ್ದು ಅಜ್ಜಿಯ ಮಡಿಲಲ್ಲಿ ಹೋಗಿ ಕೂತಿತು. ಭಾಬಿ ತಟ್ಟೆಯಿಂದ ಒಂದು ತುತ್ತು ಕಲಸಿ ಅದರ ಬಾಯಿಗೆ ಇಟ್ಟಳು. ಹುಡುಗಿ ತಾಯಿಯನ್ನೇ ನೋಡುತ್ತ ತಿಂದಿತು.